ಸೋಮವಾರ ಘಟ್ಟ ಇಳಿಯಬೇಕಾದ ಕಾರು

ನಾನು ಅಡಿಕೆ ಸುಲಿಯುವ ಯಂತ್ರಗಳನ್ನು ದುರಸ್ತಿ ಮಾಡುವವನು. ಮನೆ ಶಿರಸಿಯಲ್ಲಿದ್ದರೂ ಕೆಲಸ ಸಿದ್ದಾಪುರದಿಂದ ಯಲ್ಲಾಪುರದವರೆಗೆ, ದೇವಿಮನೆ ಘಟ್ಟ ಇಳಿದರೆ ಕುಮಟಾ, ಹೊನ್ನಾವರದವರೆಗೆ ಹರಡಿಕೊಂಡಿದೆ. ಕೊನೆಕೊಯ್ಲಿನ ಕಾಲದಲ್ಲಿ ಯಂತ್ರ ನಿಂತರೆ ಅಂಗಳದಲ್ಲಿ ಅಡಿಕೆಯ ರಾಶಿ ಬೆಳೆಯುತ್ತದೆ, ಆದ್ದರಿಂದ ಕರೆ ಬಂದ ದಿನವೇ ಹೋಗಬೇಕಾಗುತ್ತದೆ. ಬೈಕಿನಲ್ಲಿ ಮೋಟಾರು, ಬೆಲ್ಟು, ಬ್ಲೇಡುಗಳನ್ನು ಹೊತ್ತು ಬೆನ್ನು ಸೋತ ಮೇಲೆ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ನಿರ್ಧರಿಸಿದೆ. ಇದರ ಜೊತೆಗೆ ನನಗೊಂದು ಹಳೆಯ ಹುಚ್ಚಿತ್ತು: ವರ್ಷಕ್ಕೊಮ್ಮೆಯಾದರೂ ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸಬೇಕು. ಎರಡು ಕಾರು ಸಾಕುವ ಶಕ್ತಿ ಇಲ್ಲದ ಕಾರಣ ಒಂದೇ ಕಾರು ಎರಡಕ್ಕೂ ಆಗಬೇಕಿತ್ತು. ಭಾನುವಾರ ಟ್ರ್ಯಾಕಿನಲ್ಲಿ ಓಡಿದ ಕಾರು ಸೋಮವಾರ ಸಾಮಾನು ಹೇರಿಕೊಂಡು ಘಟ್ಟ ಇಳಿಯಬೇಕು ಎಂಬ ಈ ಒಂದೇ ಷರತ್ತು ಮುಂದಿನ ಎಲ್ಲ ತೀರ್ಮಾನಗಳನ್ನೂ ನಿರ್ಧರಿಸಿತು.

ಮೊದಲು ನೋಡಿದ್ದು ಕಾರವಾರದಲ್ಲಿ ಮಾರಾಟಕ್ಕಿದ್ದ, ಗೋವಾ ನೋಂದಣಿಯ ಒಂದು ಹ್ಯಾಚ್‌ಬ್ಯಾಕ್. ಬೆಲೆ ಆಕರ್ಷಕವಾಗಿತ್ತು. ಆದರೆ ಹೊರರಾಜ್ಯದ ಗಾಡಿಯನ್ನು ಇಲ್ಲಿಯೇ ಇಟ್ಟುಕೊಳ್ಳುವುದಾದರೆ ಅಲ್ಲಿನ ಸಾರಿಗೆ ಕಚೇರಿಯಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ತರಬೇಕು, ಕರ್ನಾಟಕದ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಬೇಕು. ಆ ಖರ್ಚನ್ನೂ ಓಡಾಟವನ್ನೂ ಸೇರಿಸಿದಾಗ ಅಗ್ಗದ ಗಾಡಿ ಅಗ್ಗವಾಗಿ ಉಳಿಯಲಿಲ್ಲ. ಆದರೂ ಆಸೆ ಬಿಡಲಿಲ್ಲ, ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದೆ. ಅವರು ಬಾನೆಟ್ ತೆರೆಯಲೇ ಇಲ್ಲ. ಚಾಲಕನ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರು. ಸುರುಳಿಯ ಒಳಗಿದ್ದ ಭಾಗದಲ್ಲಿ ಕಂದು ಬಣ್ಣದ ಗೆರೆಯೊಂದು ಅಡ್ಡಲಾಗಿ ಕಂಡಿತು. ಸೀಟಿನ ಹಳಿಯ ಬೋಲ್ಟುಗಳು ತುಕ್ಕು ಹಿಡಿದಿದ್ದವು, ಕಾರ್ಪೆಟ್ ಎತ್ತಿದಾಗ ಸಂದಿಯಲ್ಲಿ ನಯವಾದ ಕೆಸರಿನ ಪುಡಿ ಇತ್ತು. "ಹೆಗಡೇರೆ, ಇದು ನೀರು ಕುಡಿದ ಗಾಡಿ, ಬನ್ನಿ ಚಾ ಕುಡಿಯೋಣ" ಎಂದರು. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ನದಿಗಳು ಉಕ್ಕಿದ್ದನ್ನು ಕಂಡಿರುವ ನಮ್ಮ ಜಿಲ್ಲೆಯವರಿಗೆ ಈ ಪರೀಕ್ಷೆ ಮೊದಲನೆಯದಾಗಿರಬೇಕು. ನೀರು ಹೊಕ್ಕ ಗಾಡಿಯ ಎಂಜಿನನ್ನು ಸರಿಪಡಿಸಬಹುದು, ಆದರೆ ವೈರಿಂಗ್‌ನ ಕನೆಕ್ಟರುಗಳು ಒಳಗೊಳಗೇ ಹಸಿರುಗಟ್ಟುತ್ತಾ ಎರಡು ವರ್ಷಗಳ ಅನಂತರವೂ ಕೈಕೊಡುತ್ತವೆ.

ಅಲ್ಲಿಂದ ಮುಂದೆ ನನ್ನದೊಂದು ಕ್ರಮ ಬೆಳೆಯಿತು. ಮಾರುವವರಿಗೆ ಹಿಂದಿನ ದಿನವೇ ಹೇಳಿ, ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡದಂತೆ ಕೇಳಿಕೊಳ್ಳುತ್ತಿದ್ದೆ. ತಣ್ಣಗಿದ್ದ ಎಂಜಿನ್ ಮೊದಲ ಅರ್ಧ ನಿಮಿಷದಲ್ಲಿ ಹೇಳುವ ಸತ್ಯವನ್ನು ಬಿಸಿಯಾದ ಎಂಜಿನ್ ಮುಚ್ಚಿಡುತ್ತದೆ: ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ತಂಪಾಗಿಸುವ ದ್ರವ (ಕೂಲಂಟ್) ಒಳಗೆ ಸೋರುತ್ತಿದೆ ಎಂದು ಅನುಮಾನಿಸಬೇಕು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದಬೇಕು. 2316 ಎಂದಿದ್ದರೆ ಅದು 2016ರ 23ನೇ ವಾರದ ಟೈರು. ಬಾನೆಟ್ಟಿನ, ಫೆಂಡರಿನ ಬೋಲ್ಟುಗಳ ಮೇಲಿನ ಬಣ್ಣ ಒಡೆದಿದ್ದರೆ ಅವುಗಳನ್ನು ಯಾರೋ ಬಿಚ್ಚಿದ್ದಾರೆ ಎಂದರ್ಥ, ಏಕೆ ಎಂದು ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾದುದು ಗಾಡಿಯನ್ನು ಸರ್ವಿಸ್ ಸ್ಟೇಷನ್ನಿನ ರ‍್ಯಾಂಪ್ ಏರಿಸಿ ಕೆಳಗಿನಿಂದ ನೋಡುವುದು. ಕರಾವಳಿಯಲ್ಲಿ ನಿಲ್ಲುವ ಗಾಡಿಗಳಿಗೆ ಉಪ್ಪುಗಾಳಿ ಬಾಗಿಲಿನ ಕೆಳ ಅಂಚು, ಚಕ್ರದ ಕಮಾನಿನ ಒಳಬದಿ ಮತ್ತು ಬ್ರೇಕ್ ಪೈಪುಗಳನ್ನು ಮೊದಲು ತಿನ್ನುತ್ತದೆ. ಮೇಲಿನ ಬಣ್ಣ ಹೊಳೆಯುತ್ತಿರುವಾಗಲೇ ತಳದ ತಗಡು ಸ್ಕ್ರೂಡ್ರೈವರ್ ತುದಿಗೆ ಪುಡಿಯಾಗಿ ಉದುರಿದ್ದನ್ನು ಹೊನ್ನಾವರದ ಒಂದು ಗಾಡಿಯಲ್ಲಿ ಕಂಡಿದ್ದೇನೆ.

ಕೊನೆಗೆ ಸಿಕ್ಕಿದ್ದು ಸಿದ್ದಾಪುರದ ನಿವೃತ್ತ ಶಿಕ್ಷಕರೊಬ್ಬರ ಮಾರುತಿ ಸ್ವಿಫ್ಟ್, ಎರಡನೆಯ ಪೀಳಿಗೆಯ ಪೆಟ್ರೋಲ್ ಮಾದರಿ, ಕೆಎ 31 ನೋಂದಣಿ. 1197 ಸಿಸಿ ಎಂಜಿನ್. ಅದರ ವಾಲ್ವುಗಳ ತಾಳ ಹೊಂದಿಸುವುದು (ಟೈಮಿಂಗ್) ಬೆಲ್ಟ್ ಅಲ್ಲ, ಚೈನ್ ಆದ್ದರಿಂದ ನಿಗದಿತ ಅವಧಿಗೆ ಬದಲಿಸುವ ಖರ್ಚಿಲ್ಲ. ನೆಲದಿಂದ 170 ಮಿಲಿಮೀಟರ್ ಎತ್ತರವಿರುವುದರಿಂದ ತೋಟದ ದಾರಿಗೂ ಸಾಕು. ಡಿಕ್ಕಿ ಚಿಕ್ಕದು, ಅದು ನಿಜ. ಹಿಂದಿನ ಸೀಟು ಮಡಚಿಯೇ ಮೋಟಾರು ಇಡಬೇಕು. ಡೀಸೆಲ್ ತೆಗೆದುಕೊಳ್ಳೆಂದು ಹೇಳಿದವರು ಬಹಳ ಜನ, ಆದರೆ ಮುಂಭಾಗ ಹಗುರವಾಗಿರುವ ಪೆಟ್ರೋಲ್ ಗಾಡಿ ತಿರುವಿನಲ್ಲಿ ಚುರುಕಾಗಿ ತಿರುಗುತ್ತದೆ ಎಂಬುದು ನನ್ನ ಹುಚ್ಚಿನ ಲೆಕ್ಕವಾಗಿತ್ತು. ಮಾಸ್ತರರ ಒಪ್ಪಿಗೆ ಪಡೆದು, ಅವರನ್ನೂ ಕೂರಿಸಿಕೊಂಡು ದೇವಿಮನೆ ಘಟ್ಟ ಇಳಿದು ಹತ್ತಿದೆ. ಹತ್ತುವಾಗ ಕ್ಲಚ್ ಜಾರಲಿಲ್ಲ, ಎಂಜಿನ್ ಬಿಸಿಯಾಗಲಿಲ್ಲ. ಇಳಿಯುವಾಗ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ಅದುರಿತು, ಅಂದರೆ ಮುಂದಿನ ಬ್ರೇಕ್ ಡಿಸ್ಕುಗಳು ಸಮವಾಗಿರಲಿಲ್ಲ. ಅದನ್ನು ಮರೆಮಾಚದೆ ಹೇಳಿ ಬೆಲೆಯಲ್ಲಿ ಇಳಿಸಿಕೊಂಡೆ. ಕಾಗದಪತ್ರದ ಕೆಲಸ ಸರಳವಾಗಿತ್ತು: ಮಾಲೀಕತ್ವ ಬದಲಿಸಲು ಫಾರಂ 29 ಮತ್ತು 30, ಹಳೆಯ ಸಾಲ ತೀರಿದ್ದರಿಂದ ಬ್ಯಾಂಕಿನ ಪತ್ರದೊಂದಿಗೆ ಫಾರಂ 35, ಮತ್ತು ವಿಮೆಯನ್ನು ನನ್ನ ಹೆಸರಿಗೆ ಬದಲಿಸಲು 14 ದಿನಗಳೊಳಗೆ ಅರ್ಜಿ.

ಟ್ರ್ಯಾಕಿನ ವಿಷಯಕ್ಕೆ ಬರುತ್ತೇನೆ. ಹೋಗಿದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ, 2.1 ಕಿಲೋಮೀಟರ್‌ನ ಚಿಕ್ಕ ಟ್ರ್ಯಾಕು. ವಿಷಯ ಕೇಳಿದ ಆಯಿ, "ಘಟ್ಟದಲ್ಲಿ ಓಡ್ಸಿದ್ದು ಸಾಕಾಜಿಲ್ಯನಾ ತಮಾ?" ಎಂದಳು. ಮೊದಲ ಸಲ ಹೋಗುವಾಗ ಹೊಸ ಡಿಸ್ಕು, ಅದನ್ನು ಒತ್ತಿ ಹಿಡಿಯುವ ಹೊಸ ಪ್ಯಾಡು ಹಾಕಿಸಿ ಎಲ್ಲವೂ ಆಯಿತೆಂದು ತಿಳಿದಿದ್ದೆ. ಐದನೆಯ ಸುತ್ತಿನಲ್ಲಿ ನೇರದಾರಿಯ ಕೊನೆಗೆ ಬ್ರೇಕ್ ಒತ್ತಿದರೆ ಪೆಡಲ್ ಹತ್ತಿಯ ಮೂಟೆಯಂತೆ ಕೆಳಗಿಳಿಯಿತು. ಎರಡು ಮೂರು ಬಾರಿ ಪಂಪ್ ಮಾಡಿ, ಗೇರ್ ಇಳಿಸಿ, ಟ್ರ್ಯಾಕಿನಂಚಿನ ಮಣ್ಣಿಗೆ ಇಳಿದು ನಿಂತೆ. ಗಾಡಿಗೂ ನನಗೂ ಏನೂ ಆಗಲಿಲ್ಲ, ಆದರೆ ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಬೇಕಾಯಿತು.

ತಪ್ಪು ಸಂಪೂರ್ಣ ನನ್ನದೇ. ಬ್ರೇಕ್ ಆಯಿಲ್ ಬದಲಿಸಿರಲಿಲ್ಲ. ಪೆಡಲಿನ ಒತ್ತಡವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ಮಾನದಂಡ ಹೇಳುತ್ತದೆ, ಆದರೆ ತೇವ ಹೀರಿದ ಮೇಲೆ ಅದೇ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ನಾಲ್ಕು ತಿಂಗಳು ಮಳೆ ಸುರಿಯುವ ನಮ್ಮ ಊರಿನಲ್ಲಿ ವರ್ಷಗಟ್ಟಲೆ ಬದಲಿಸದ ಆಯಿಲ್ ಎಷ್ಟು ನೀರು ಕುಡಿದಿರಬೇಡ! ಅದು ಕುದಿದಾಗ ಪೈಪಿನಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು, ಆದ್ದರಿಂದ ಪೆಡಲ್ ತಳ ಮುಟ್ಟುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಅದು ಬೇರೆ ಕಾಯಿಲೆ. ಅಲ್ಲಿ ಸೋತಿರುವುದು ಪ್ಯಾಡು. ಈ ವ್ಯತ್ಯಾಸ ಗೊತ್ತಿದ್ದರೆ ಹಣ ಎಲ್ಲಿ ಹಾಕಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಹೇರಿದ ಗಾಡಿಯಲ್ಲಿ ದೇವಿಮನೆ ಇಳಿಯುವಾಗಲೂ ಇದೇ ಆಗಬಹುದಿತ್ತೆಂದು ಅನಂತರ ಹೊಳೆದು ಇನ್ನಷ್ಟು ಹೆದರಿದೆ.

ಎರಡನೆಯ ಸಲ ಹೋಗುವ ಮೊದಲು ಹಳೆಯ ಆಯಿಲನ್ನು ಪೂರ್ತಿ ತೆಗೆಸಿ ಡಾಟ್ 4 ತುಂಬಿಸಿದೆ, ರಬ್ಬರ್ ಬ್ರೇಕ್ ಹೋಸ್‌ಗಳ ಬದಲು ಉಕ್ಕಿನ ಹೆಣಿಗೆಯ ಹೋಸ್ ಹಾಕಿಸಿದೆ. ಪ್ಯಾಡಿನ ಆಯ್ಕೆಯಲ್ಲಿ ಬಹಳ ಯೋಚಿಸಬೇಕಾಯಿತು. ಅಪ್ಪಟ ರೇಸಿನ ಪ್ಯಾಡು ಬಿಸಿಯಾದ ಮೇಲಷ್ಟೇ ಸರಿಯಾಗಿ ಹಿಡಿಯುತ್ತದೆ, ಮಳೆಗಾಲದ ಮುಂಜಾನೆ ಘಟ್ಟದ ಮೊದಲ ತಿರುವಿನಲ್ಲಿ ಅದು ಹಿಡಿಯದು. ಆದ್ದರಿಂದ ರಸ್ತೆಗೂ ಒಗ್ಗುವ ಮಧ್ಯಮ ದರ್ಜೆಯದನ್ನೇ ಆರಿಸಿದೆ. ನನ್ನ ಗಾಡಿಗೆ ಬಂದಿದ್ದ ಟೈರು 165/80 ಆರ್14. ಅದೇ ಗಾಡಿಯ ಮೇಲಿನ ಮಾದರಿಗೆ ಕಂಪನಿ ಕೊಡುತ್ತಿದ್ದ, ಅದಕ್ಕಿಂತ ಅಗಲವಾದ 185/65 ಆರ್15 ಹಾಕಿಸಿದೆ. ಹೊರ ವ್ಯಾಸದಲ್ಲಿ ಎರಡು ಮಿಲಿಮೀಟರ್‌ನಷ್ಟು ವ್ಯತ್ಯಾಸ ಮಾತ್ರ, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ.

ಎಂಜಿನ್ ಮುಟ್ಟಲಿಲ್ಲ. ಗಾಡಿ ತಗ್ಗಿಸುವ ಸ್ಪ್ರಿಂಗ್ ಹಾಕಿಸಿದರೆ ತೋಟದ ದಾರಿಯ ಕಲ್ಲುಗಳು ಆಯಿಲ್ ಚೇಂಬರಿಗೆ ಬಡಿಯುತ್ತವೆ, ಆದ್ದರಿಂದ ಅದೂ ಇಲ್ಲ. ಸದ್ದಿನ ಸೈಲೆನ್ಸರ್ ಬಗ್ಗೆ ನನ್ನ ಅಭಿಪ್ರಾಯ ಕೇಳುವವರು ಸುಮ್ಮನಿರುವುದೇ ಒಳ್ಳೆಯದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ವಿವರಗಳನ್ನು ಬದಲಿಸುವಂಥ ಮಾರ್ಪಾಡನ್ನು ಒಪ್ಪುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನು ಎತ್ತಿಹಿಡಿದಿದೆ. ರಸ್ತೆಯ ಮೇಲೆಯೇ ಓಡಿಸಿಕೊಂಡು ಟ್ರ್ಯಾಕಿಗೆ ಹೋಗುವವನು ಇದನ್ನು ಮರೆಯುವಂತಿಲ್ಲ. ಸಾಮಾನ್ಯ ಕಾರು ವಿಮೆಯಲ್ಲಿ ರೇಸು ಮತ್ತು ವೇಗಪರೀಕ್ಷೆಗಳಿಗೆ ರಕ್ಷಣೆಯಿಲ್ಲ, ಟ್ರ್ಯಾಕಿನಲ್ಲಿ ಹಾನಿಯಾದರೆ ಅದು ನನ್ನ ಕಿಸೆಯದೇ ಎಂದು ತಿಳಿದೇ ಹೋದೆ.

ಟ್ರ್ಯಾಕ್ ತಲುಪಿದ ಮೇಲೆ ಸ್ಟೆಪ್ನಿ, ಜಾಕು, ಉಪಕರಣದ ಪೆಟ್ಟಿಗೆ, ಕಾಲಡಿಯ ಮ್ಯಾಟು, ಗೂಡಿನಲ್ಲಿದ್ದ ಅಡಕತ್ತಿ, ಎಲ್ಲವನ್ನೂ ಹೊರಗಿಟ್ಟೆ. ಇದು ಖರ್ಚಿಲ್ಲದ ಮಾರ್ಪಾಡು, ಜೊತೆಗೆ ಬ್ರೇಕ್ ಒತ್ತಿದಾಗ ಪೆಡಲಿನಡಿ ಏನೂ ಉರುಳುವುದಿಲ್ಲ. ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿದೆ. ಟೈರಿನ ಗಾಳಿಯನ್ನು ಓಡಿಸಿ ಬಂದ ತಕ್ಷಣ ಅಳೆದು, ಬಿಸಿಗೆ ಏರಿದಷ್ಟನ್ನು ಇಳಿಸಿದೆ, ಮನೆಗೆ ಹೊರಡುವ ಮುನ್ನ ಮತ್ತೆ ತುಂಬಿಸಿದೆ. ನಾಲ್ಕು ಸುತ್ತು ಜೋರಾಗಿ ಓಡಿಸಿದರೆ ಐದನೆಯದನ್ನು ಬ್ರೇಕ್ ಹೆಚ್ಚು ಮುಟ್ಟದೆ ನಿಧಾನವಾಗಿ ಮುಗಿಸಿದೆ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ, ಕಾದ ಬ್ರೇಕು ಅಲ್ಲಿಯೇ ಕಚ್ಚಿಕೊಳ್ಳಬಹುದು. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟೆ. ಈ ಸಲ ಪೆಡಲ್ ಕೊನೆಯವರೆಗೂ ಗಟ್ಟಿಯಾಗಿಯೇ ಇತ್ತು.

ಭಾನುವಾರ ತಡರಾತ್ರಿ ಶಿರಸಿ ತಲುಪಿದೆ. ಸೋಮವಾರ ಬೆಳಿಗ್ಗೆ ಮುಂದಿನ ಚಕ್ರಗಳನ್ನು ಬಿಚ್ಚಿ ಪ್ಯಾಡಿನ ದಪ್ಪ ಅಳೆದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ, ಹಿಂದಿನ ಸೀಟು ಮಡಚಿ ಎರಡು ಮೋಟಾರು ಹೇರಿ, ಎರಡನೆಯ ಗೇರಿನಲ್ಲಿ ದೇವಿಮನೆ ಇಳಿದು ಕುಮಟೆಗೆ ಹೋದೆ.