ಹಳೆಯ ಗ್ರಾಫಿಕ್ಸ್ ಡ್ರೈವರ್‌ಗೆ ಮರಳಿದ್ದು: ನನ್ನ ಅನುಭವ

ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ) ಅಪ್‌ಡೇಟ್ ಮಾಡಿದ ಮೇಲೆ ನನ್ನ ಡೆಸ್ಕ್‌ಟಾಪ್‌ನಲ್ಲಿ ವಿಡಿಯೊ ಎಡಿಟಿಂಗಿಗೆ ಕುಳಿತಾಗಲೆಲ್ಲ ಮಾನಿಟರ್ ಕೆಲವು ಕ್ಷಣ ಕಪ್ಪಾಗಿ ಮತ್ತೆ ಬೆಳಗುತ್ತಿತ್ತು. ಅಷ್ಟರಲ್ಲಿ ಎಡಿಟಿಂಗ್ ತಂತ್ರಾಂಶ ಮುಚ್ಚಿಹೋಗಿರುತ್ತಿತ್ತು. ಇಂಥ ಲಕ್ಷಣ ಕಂಡೊಡನೆ ಡ್ರೈವರನ್ನೇ ದೂರುವುದು ಸುಲಭ. ಆದರೆ ಸಡಿಲವಾದ ಕೇಬಲ್, ದೂಳು ತುಂಬಿದ ಫ್ಯಾನ್, ಸಾಮರ್ಥ್ಯ ಸಾಲದ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಘಟಕ) ಕೂಡ ಇದೇ ರೀತಿಯ ತೊಂದರೆ ಕೊಡುವುದರಿಂದ, ಏನನ್ನೂ ಅಳಿಸುವ ಮೊದಲು ಕಂಪ್ಯೂಟರೇ ಬರೆದಿಟ್ಟುಕೊಂಡ ದಾಖಲೆಗಳನ್ನು ನೋಡಿದೆ.

ಈ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ವಿಂಡೋಸ್ ಲಾಗ್ಸ್ ಅಡಿಯ ಸಿಸ್ಟಮ್ ವಿಭಾಗವನ್ನು ತೆರೆದಾಗ, ಪರದೆ ಕಪ್ಪಾದ ಹೊತ್ತಿಗೆ ಸರಿಯಾಗಿ 4101 ಸಂಖ್ಯೆಯ ಎಚ್ಚರಿಕೆ ಕಾಣಿಸಿತು. ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯೆ ನಿಲ್ಲಿಸಿ ಬಳಿಕ ಚೇತರಿಸಿಕೊಂಡಿದೆ ಎಂಬುದು ಅದರ ಸಾರ. ವಿಂಡೋಸ್ ವಿಸ್ತಾದ ಕಾಲದಿಂದಲೂ ಇರುವ ಟಿಡಿಆರ್ (ಟೈಮ್‌ಔಟ್ ಡಿಟೆಕ್ಷನ್ ಅಂಡ್ ರಿಕವರಿ) ಎಂಬ ವ್ಯವಸ್ಥೆ, ಗ್ರಾಫಿಕ್ಸ್ ಕಾರ್ಡ್ ಸುಮಾರು 2 ಸೆಕೆಂಡು ಸ್ಪಂದಿಸದೆ ಸಿಕ್ಕಿಕೊಂಡಿತೆಂದರೆ ಡ್ರೈವರನ್ನು ತಾನಾಗಿಯೇ ರೀಸೆಟ್ ಮಾಡುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಗೆ ಹೋಗಿ ಈ ಅವಧಿಯನ್ನು ಹೆಚ್ಚಿಸಿಕೊಳ್ಳುವ ಉಪಾಯವನ್ನು ಹಲವರು ಹೇಳುತ್ತಾರೆ. ನನಗದು ಹಿಡಿಸಲಿಲ್ಲ, ಏಕೆಂದರೆ ಡ್ರೈವರ್ ನಿಜವಾಗಿ ಕೆಟ್ಟಿದ್ದರೆ ಪರದೆ ಇನ್ನಷ್ಟು ಹೊತ್ತು ಅಲ್ಲಾಡದೆ ನಿಲ್ಲುತ್ತದೆಯೇ ಹೊರತು ತೊಂದರೆ ಹೋಗುವುದಿಲ್ಲ. ದಿನವಾರು ಪಟ್ಟಿ ಕೊಡುವ ರಿಲಯಬಿಲಿಟಿ ಮಾನಿಟರ್‌ನಲ್ಲಂತೂ ಅಪ್‌ಡೇಟ್ ಆದ ದಿನದವರೆಗೆ ಎಲ್ಲ ಸ್ವಚ್ಛವಾಗಿತ್ತು, ಅಲ್ಲಿಂದಾಚೆಗೆ ಕೆಂಪು ಗುರುತುಗಳು ಸಾಲುಗಟ್ಟಿದ್ದವು. ಕೇಬಲ್ ಬದಲಿಸಿ ಮತ್ತು ಕಾರ್ಡಿನ ತಾಪಮಾನ ಗಮನಿಸಿ ನೋಡಿದರೂ ವ್ಯತ್ಯಾಸವಾಗದಿದ್ದಾಗ ಹಳೆಯ ಆವೃತ್ತಿಗೆ ಮರಳಲು ನಿರ್ಧರಿಸಿದೆ.

ಸುಲಭದ ದಾರಿ ಡಿವೈಸ್ ಮ್ಯಾನೇಜರ್‌ನಲ್ಲಿದೆ. ಡಿಸ್‌ಪ್ಲೇ ಅಡಾಪ್ಟರ್ಸ್ ಅಡಿಯಲ್ಲಿ ಕಾರ್ಡಿನ ಪ್ರಾಪರ್ಟೀಸ್ ತೆರೆದು, ಡ್ರೈವರ್ ಟ್ಯಾಬಿನಲ್ಲಿರುವ ರೋಲ್ ಬ್ಯಾಕ್ ಡ್ರೈವರ್ ಗುಂಡಿಯನ್ನು ಒತ್ತಿದರೆ ಹಿಂದಿನ ಆವೃತ್ತಿ ಮರಳುತ್ತದೆ. ನನ್ನಲ್ಲಿ ಆ ಗುಂಡಿ ಮಸುಕಾಗಿತ್ತು, ಏಕೆಂದರೆ ಹೊಸ ಡ್ರೈವರನ್ನು, ಹಿಂದಿನದನ್ನು ಅಳಿಸಿಹಾಕುವ ಕ್ಲೀನ್ ಇನ್‌ಸ್ಟಾಲ್ ಆಯ್ಕೆಯಲ್ಲಿ ಹಾಕಿದ್ದರಿಂದ ಮರಳಲು ಹಳೆಯದೇ ಉಳಿದಿರಲಿಲ್ಲ.

ಹಾಗಾಗಿ ಹಳೆಯ ಆವೃತ್ತಿಯ ಕಡತವನ್ನು ಕಾರ್ಡ್ ತಯಾರಕರ ಜಾಲತಾಣದಿಂದಲೇ ಇಳಿಸಿ, ಡ್ರೈವಿನ ಮಾಹಿತಿಯನ್ನು ಗುಪ್ತಲಿಪಿಗೆ ಬದಲಿಸುವ (ಎನ್‌ಕ್ರಿಪ್ಟ್ ಮಾಡುವ) ಬಿಟ್‌ಲಾಕರ್‌ನ ರಿಕವರಿ ಕೀ ಮತ್ತು ಖಾತೆಯ ಪಾಸ್‌ವರ್ಡ್ ಎರಡನ್ನೂ ಕಾಗದದಲ್ಲಿ ಬರೆದಿಟ್ಟುಕೊಂಡೆ. ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ, ವಿಂಡೋಸ್ ಕನಿಷ್ಠ ಡ್ರೈವರ್‌ಗಳೊಂದಿಗೆ ಮಾತ್ರ ಶುರುವಾಗುವ ಸೇಫ್ ಮೋಡಿಗೆ ಹೋಗುವಾಗ ಆ ಕೀ ಕೇಳಬಹುದು, ಅಲ್ಲಿ ಲಾಗಿನ್ ಪಿನ್ ಕೆಲಸ ಮಾಡದಿರುವುದೂ ಉಂಟು. ಬಳಿಕ ಇಂಟರ್ನೆಟ್ಟಿನ ಲ್ಯಾನ್ ಕೇಬಲ್ ಕಿತ್ತು, ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಮಾಡಿ, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ಮೂಲಕ ಸೇಫ್ ಮೋಡಿಗೆ ಹೋಗಿ, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶದಿಂದ ಡ್ರೈವರಿನ ಕುರುಹೆಲ್ಲ ಅಳಿಸಿದೆ. ಮತ್ತೆ ಶುರುವಾದಾಗ ಐಕಾನುಗಳು ದಪ್ಪದಪ್ಪಗೆ ಕಂಡವು. ಅದಕ್ಕೆ ಗಾಬರಿಯಾಗಬೇಕಿಲ್ಲ: ಅದು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್, ಅಂದರೆ ನಿಜವಾದ ಡ್ರೈವರ್ ಬರುವವರೆಗಿನ ತಾತ್ಕಾಲಿಕ ವ್ಯವಸ್ಥೆ. ಹಳೆಯ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ಪರದೆ ಮೊದಲಿನಂತಾಯಿತು.

ಲ್ಯಾನ್ ಕೇಬಲನ್ನು ಅಷ್ಟು ಹೊತ್ತು ಹೊರಗಿಟ್ಟಿದ್ದಕ್ಕೆ ಕಾರಣವಿದೆ. ಡ್ರೈವರ್ ಇಲ್ಲದ ಕಾರ್ಡ್ ಕಂಡರೆ ವಿಂಡೋಸ್ ಅಪ್‌ಡೇಟ್ ತನ್ನ ಪಟ್ಟಿಯಲ್ಲಿರುವುದನ್ನು ತಂದು ಹಾಕುತ್ತದೆ. ನನ್ನದು ವಿಂಡೋಸಿನ ಪ್ರೊ ಆವೃತ್ತಿಯಾದ್ದರಿಂದ, ಕೇಬಲ್ ಸಿಕ್ಕಿಸುವ ಮೊದಲೇ ಅದರಲ್ಲಿ ಸಿಗುವ ಗ್ರೂಪ್ ಪಾಲಿಸಿ ಎಂಬ ನಿಯಂತ್ರಣ ಸೌಲಭ್ಯದಲ್ಲಿ ಅಪ್‌ಡೇಟ್‌ಗಳ ಜೊತೆ ಡ್ರೈವರ್ ಬೇಡವೆಂಬ ಆಯ್ಕೆಯನ್ನು ಚಾಲೂ ಮಾಡಿದೆ. ಅನಂತರ, ಪ್ರತಿ ಬಾರಿ ಕೈಕೊಡುತ್ತಿದ್ದ ಅದೇ ಪ್ರಾಜೆಕ್ಟನ್ನು ತೆರೆದು ರೆಂಡರ್‌ಗೆ (ಅಂತಿಮ ವಿಡಿಯೊ ತಯಾರಿಕೆಗೆ) ಬಿಟ್ಟೆ. ಅದು ಪೂರ್ತಿ ಮುಗಿಯಿತು, ಲಾಗಿನಲ್ಲಿ ಹೊಸ 4101 ಬೀಳಲಿಲ್ಲ.

ಹಳೆಯ ಡ್ರೈವರಿನಲ್ಲೇ ನೆಲೆಯೂರುವುದು ನನ್ನ ಉದ್ದೇಶವಲ್ಲ, ಏಕೆಂದರೆ ಹೊಸ ಆವೃತ್ತಿಗಳಲ್ಲಿ ಭದ್ರತಾ ತಿದ್ದುಪಡಿಗಳೂ ಇರುತ್ತವೆ. ಈಗ ಪ್ರತಿ ಆವೃತ್ತಿಯ ರಿಲೀಸ್ ನೋಟ್ಸ್‌ನಲ್ಲಿ ಸರಿಪಡಿಸಿದ ದೋಷಗಳ ಪಟ್ಟಿಯನ್ನು ಮೊದಲು ಓದುತ್ತೇನೆ, ಮತ್ತು ಸದ್ಯ ನೆಟ್ಟಗೆ ನಡೆಯುತ್ತಿರುವ ಡ್ರೈವರಿನ ಕಡತವನ್ನು ಬೇರೆ ಡ್ರೈವಿನಲ್ಲಿ ಎತ್ತಿಟ್ಟ ಮೇಲಷ್ಟೇ ಹೊಸದನ್ನು ಹಾಕುತ್ತೇನೆ.