ನೂರರ ಬದಲು ತೊಂಬತ್ತು: ನಾನು ಮೆಡಿಕಲ್ ಫಿಸಿಸಿಸ್ಟ್ ಆದದ್ದು

ಊರಲ್ಲಿ ಈಗಲೂ ನನ್ನನ್ನು ಎಕ್ಸ್‌ರೇ ತೆಗೆಯುವವಳು ಅಂತಲೇ ತಿಳಿದಿದ್ದಾರೆ. ಅಮ್ಮ ಮೊದಮೊದಲು ತಿದ್ದುತ್ತಿದ್ದಳು, ಈಗ ಕೈಬಿಟ್ಟಿದ್ದಾಳೆ. ಕ್ಯಾನ್ಸರ್ ರೋಗಿಗೆ ಎಷ್ಟು ರೇಡಿಯೇಶನ್ ಅಂತ ಬರೆಯುವುದು ಡಾಕ್ಟರ್. ಮೆಷಿನ್‌ನಿಂದ ಅಷ್ಟೇ ಬರುತ್ತಿದೆಯಾ, ಬೀಳಬೇಕಾದ ಜಾಗಕ್ಕೇ ಬೀಳುತ್ತಿದೆಯಾ ಅಂತ ನೋಡುವುದು ನನ್ನ ಕೆಲಸ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರ ಕಾಫಿ ಮುಗಿದಿರುತ್ತದೆ.

ಶಂಕರಘಟ್ಟದಲ್ಲಿ ಎಂಎಸ್‌ಸಿ ಫಿಸಿಕ್ಸ್ ಓದುವಾಗ ಹೀಗೊಂದು ಕೆಲಸ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಲೆಕ್ಚರರ್ ಆಗಬೇಕು, ಇಲ್ಲ ಬ್ಯಾಂಕ್ ಪರೀಕ್ಷೆ ಬರೀಬೇಕು, ಅಷ್ಟೇ. ಸೀನಿಯರ್ ಒಬ್ಬಳು ಮುಂಬೈಯ ಬಾರ್ಕ್‌ನಲ್ಲಿ, ಅಂದರೆ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ, ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾಗೆ ಸೇರಿದ್ದಳು. 1962ರಿಂದ ನಡೆಯುತ್ತಿರುವ ಕೋರ್ಸ್ ಅದು. ‘ಸುಮ್ನೆ ಒಂದು ಅರ್ಜಿ ಹಾಕು ಮಾರಾಯ್ತಿ’ ಅಂದಳು. ಹಾಕಿದೆ, ಸೀಟು ಸಿಕ್ಕಿತು. ಮುಂಬೈಗೇ ಹೋಗಬೇಕು ಅಂತೇನಿಲ್ಲ. ಕಿದ್ವಾಯಿಯಲ್ಲೂ ಮಣಿಪಾಲದಲ್ಲೂ ಇದೇ ವಿಷಯದ ಎಂಎಸ್‌ಸಿ ಇದೆ. ನನಗೆ ಅದು ಗೊತ್ತಾಗಿದ್ದು ಆಮೇಲೆ.

ಮುಂಬೈಯ ಅಣುಶಕ್ತಿನಗರದಲ್ಲಿ ಆ ಡಿಪ್ಲೊಮಾ ವರ್ಷ ಓದಿನಲ್ಲೇ ಕಳೆಯಿತು. ಚಿಕಿತ್ಸೆಗೆ ಬಳಸುವ ವಿಕಿರಣ ಮೂಲ ಕೋಬಾಲ್ಟ್-60ರ ಅರ್ಧಾಯುಷ್ಯ, ಅಂದರೆ ಅದರ ಶಕ್ತಿ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 5.27 ವರ್ಷ, ತಿಂಗಳಿಗೆ ಸುಮಾರು 1.1 ಶೇಕಡಾ ಕಮ್ಮಿಯಾಗುತ್ತದೆ. ಇರಿಡಿಯಂ-192ಕ್ಕೆ 74 ದಿನವೂ ಇಲ್ಲ. ಇಂಥವೆಲ್ಲ ನಿದ್ದೆಯಲ್ಲೂ ಬಾಯಿಗೆ ಬರುತ್ತಿದ್ದವು. ಎಲ್ಲ ಬಂತು ಅಂದುಕೊಂಡೇ ಬೆಂಗಳೂರಿಗೆ ಬಂದೆ.

ಡಿಪ್ಲೊಮಾ ಸಿಕ್ಕ ಮಾತ್ರಕ್ಕೆ ಆಗಲ್ಲ. ರೇಡಿಯೋಥೆರಪಿ ವಿಭಾಗದಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಆಗಬೇಕು, ಇದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ ನಿಯಮ. ಒಂದು ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು. ಹಗಲೆಲ್ಲ ಮೆಷಿನ್ ಮೇಲೆ ರೋಗಿಗಳು. ನಮ್ಮ ಅಳತೆ ಶುರುವಾಗುವುದೇ ರಾತ್ರಿ ಎಂಟರ ಮೇಲೆ, ಕ್ಯಾಂಟೀನ್ ಮುಚ್ಚುವ ಹೊತ್ತಿಗೆ.

ಎರಡನೇ ತಿಂಗಳು. ಔಟ್‌ಪುಟ್, ಅಂದರೆ ಮೆಷಿನ್‌ನಿಂದ ಎಷ್ಟು ರೇಡಿಯೇಶನ್ ಬರುತ್ತಿದೆ ಅಂತ ಅಳೆಯುವ ಕೆಲಸವನ್ನು ಮೊದಲ ಸಲ ನನ್ನೊಬ್ಬಳಿಗೇ ಬಿಟ್ಟರು. ನೀರಿನ ತೊಟ್ಟಿ ಇಟ್ಟು, 10 ಸೆಂಟಿಮೀಟರ್ ಆಳದಲ್ಲಿ ಫಾರ್ಮರ್ ಚೇಂಬರ್ ಕೂರಿಸಿದೆ. ಬೆರಳಿಗಿಂತ ಸಣ್ಣ, 0.6 ಸಿಸಿ ಗಾಳಿ ಹಿಡಿಯುವ ಕೊಳವೆ ಅದು. ರೇಡಿಯೇಶನ್ ಆ ಗಾಳಿಯಲ್ಲಿ ಎಷ್ಟು ಚಾರ್ಜ್ ಹುಟ್ಟಿಸಿತು ಅಂತ ಎಲೆಕ್ಟ್ರೋಮೀಟರ್ ತೋರಿಸುತ್ತದೆ. ರೀಡಿಂಗ್ ತಗೊಂಡೆ, ಉಷ್ಣಾಂಶ ಬರೆದೆ. ಗಾಳಿಯ ಪ್ರೆಶರ್ ಬೇಕಿತ್ತು. ಬ್ಯಾರೋಮೀಟರ್ ಪಕ್ಕದ ರೂಮಿನ ಬೀರುವಿನಲ್ಲಿ, ಫೋನ್ ಜೇಬಲ್ಲಿ. ಹವಾಮಾನದ ಆ್ಯಪ್ ತೆಗೆದರೆ ಬೆಂಗಳೂರು, 1013. ಬರೆದುಕೊಂಡೆ.

ಲೆಕ್ಕ ಮಾಡಿದರೆ 100 ಬರಬೇಕಾದ ಕಡೆ 90!

ಎರಡು ಸಲ ಕೂಡಿದೆ, ಕಳೆದೆ. ಅದೇ ಬಂತು. ನಿಜ ಹೇಳಬೇಕೆಂದರೆ ಭಯಕ್ಕಿಂತ ಖುಷಿಯೇ ಜಾಸ್ತಿ ಆಯಿತು. ಯಾರಿಗೂ ಕಾಣದ ತಪ್ಪು ನನಗೆ ಕಂಡಿದೆ ಅಲ್ವಾ! ಓಡಿಹೋಗಿ ನಮ್ಮ ಸೀನಿಯರ್ ಸರ್ ಮುಂದೆ ಹಾಳೆ ಇಟ್ಟೆ. ಅವರು ಉತ್ತರ ನೋಡಲೇ ಇಲ್ಲ. ಮೇಲಿನ ಸಾಲಿನ ಮೇಲೆ ಬೆರಳಿಟ್ಟು, ‘ಈ ಪ್ರೆಶರ್ ಎಲ್ಲಿಂದ ತಂದ್ಯಮ್ಮ?’ ಅಂದರು.

ಆ್ಯಪ್ ಕೊಡುವುದು ಸಮುದ್ರ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಪ್ರೆಶರ್. ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ. ಇಲ್ಲಿ ನಿಜವಾದ ಪ್ರೆಶರ್ ಸುಮಾರು 910 ಹೆಕ್ಟೊಪಾಸ್ಕಲ್. ನಮ್ಮ ಚೇಂಬರ್ ಹೊರಗಿನ ಗಾಳಿಗೆ ತೆರೆದಿರುತ್ತದೆ. ಇಲ್ಲಿಯ ಗಾಳಿ ತೆಳು, ಹಾಗಾಗಿ ಚಾರ್ಜ್ ಕಮ್ಮಿ ಹುಟ್ಟುತ್ತದೆ. ಅದನ್ನು ಸರಿದೂಗಿಸಲು ಪ್ರೆಶರ್‌ಗೆ ಅಂತಲೇ ಸುಮಾರು 1.11ರಿಂದ ಗುಣಿಸಬೇಕು. ಮುಂಬೈಯಲ್ಲಿ ಈ ಸಂಖ್ಯೆ ಯಾವಾಗಲೂ 1ರ ಹತ್ತಿರವೇ ಇರುತ್ತಿತ್ತು. ಸಮುದ್ರದ ದಡದಲ್ಲಿ ಕಲಿತು ಬಂದ ನನಗೆ ಅದೊಂದು ಬರೀ ಶಾಸ್ತ್ರದ ಹಾಗೆ ಕಂಡಿತ್ತು.

ಸರ್ ಬೈಯಲಿಲ್ಲ. ‘ನಿನ್ನ ಲೆಕ್ಕ ನಂಬಿ ಮೆಷಿನ್‌ನ ಸೆಟ್ಟಿಂಗ್ ಬದಲಿಸಿದ್ದರೆ ನಾಳೆ ಏನಾಗ್ತಿತ್ತು, ಬರಿ’ ಅಂತ ಒಂದು ಹಾಳೆ ಕೊಟ್ಟರು. ಮೆಷಿನ್ ಸರಿಯಾಗಿಯೇ ಇತ್ತು. ನಾನು ಅದನ್ನು ಏರಿಸಿದ್ದರೆ ಪ್ರತಿ ರೋಗಿಗೂ 11 ಶೇಕಡಾ ಜಾಸ್ತಿ ಹೋಗುತ್ತಿತ್ತು. ಮೈಗೆ ಬೀಳುವ ರೇಡಿಯೇಶನ್ ಅಳೆಯುವ ಮಾನ ಗ್ರೇ. ದಿನಕ್ಕೆ 2 ಗ್ರೇ, 25 ದಿನಕ್ಕೆ 50 ಗ್ರೇ ಅಂತ ಬರೆದಿದ್ದು 55 ದಾಟುತ್ತಿತ್ತು. ಕರುಳಿಗೋ ಬೆನ್ನುಹುರಿಗೋ ಅದು ಸಣ್ಣ ವ್ಯತ್ಯಾಸವಲ್ಲ. ಬರೆಯುತ್ತ ಕೈ ತಣ್ಣಗಾಯಿತು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಆಮೇಲೆ ಬ್ಯಾರೋಮೀಟರನ್ನು ಬೀರುವಿನಿಂದ ತೆಗೆದು ಎಲೆಕ್ಟ್ರೋಮೀಟರ್ ಪಕ್ಕದಲ್ಲೇ ಇಟ್ಟೆವು. ಬೇರೆಯವರು ಅಳತೆ ಮಾಡಿದಾಗಲೂ ಹಾಳೆಯಲ್ಲಿ ನಾನು ಮೊದಲು ನೋಡುವುದು ಮೇಲಿನ ಸಾಲು. ಉತ್ತರ ಆಮೇಲೆ.

ಇನ್ನೊಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ನಾವೆಲ್ಲ ಎದೆಗೆ ಟಿಎಲ್‌ಡಿ ಬ್ಯಾಡ್ಜ್ ಹಾಕುತ್ತೇವೆ, ನಮ್ಮ ಮೈಮೇಲೆ ಎಷ್ಟು ಬಿತ್ತು ಅಂತ ಅದು ಲೆಕ್ಕ ಇಡುತ್ತದೆ. ಸೆಕೆ ಅಂತ ಕೋಟ್ ಬಿಚ್ಚಿ, ಬ್ಯಾಡ್ಜ್ ಸಮೇತ ಟ್ರೀಟ್‌ಮೆಂಟ್ ರೂಮಿನೊಳಗೇ ನೇತುಹಾಕಿ ಬಂದಿದ್ದೆ. ಟೆಕ್ನಾಲಜಿಸ್ಟ್ ಅಕ್ಕ ಬೀಮ್ ಆನ್ ಮಾಡುವ ಮೊದಲು ನೋಡಿ ತಂದು ಕೊಟ್ಟರು. ಇಲ್ಲದಿದ್ದರೆ ಬ್ಯಾಡ್ಜ್‌ಗೆ ಬಿದ್ದಿದ್ದು ನನಗೆ ಬಿದ್ದಿದ್ದಲ್ಲ ಅಂತ ಸಾಬೀತು ಮಾಡುವುದರಲ್ಲೇ ತಿಂಗಳು ಕಳೆಯುತ್ತಿತ್ತು.

ವರ್ಷ ಮುಗಿದ ಮೇಲೆ ಆರ್‌ಎಸ್‌ಒ, ಅಂದರೆ ವಿಕಿರಣ ಸುರಕ್ಷತಾ ಅಧಿಕಾರಿಯ ಪರೀಕ್ಷೆ. ಸೂತ್ರ ಬಾಯಿಪಾಠ ಮಾಡಿ ಹೋಗಿದ್ದೆ. ಮೌಖಿಕದಲ್ಲಿ ಕೇಳಿದ್ದು ಬೇರೆಯೇ: ವಿಕಿರಣ ಸೂಸುವ ಸೋರ್ಸ್ ಸಿಕ್ಕಿಹಾಕಿಕೊಂಡು ಮೆಷಿನ್‌ನೊಳಗೆ ವಾಪಸ್ ಹೋಗದಿದ್ದರೆ ಮೊದಲು ಏನು ಮಾಡ್ತೀರಿ? ‘ರೋಗಿಯನ್ನು ಹೊರಗೆ ತರ್ತೀನಿ, ಬಾಗಿಲು ಹಾಕ್ತೀನಿ’ ಅಂದೆ. ಪಾಸಾದೆ.

ಈ ದಾರಿ ಹಿಡಿಯುವವರು ಇಂಟರ್ನ್‌ಶಿಪ್ ಒಪ್ಪಿಕೊಳ್ಳುವ ಮುಂಚೆ ಮೂರು ವಿಷಯ ಕೇಳಿ. ಬ್ರಾಕಿಥೆರಪಿ, ಅಂದರೆ ಸೋರ್ಸನ್ನು ಗಡ್ಡೆಯ ಒಳಗೇ ಅಥವಾ ಹತ್ತಿರವೇ ಇಟ್ಟು ಕೊಡುವ ಚಿಕಿತ್ಸೆ ಇದೆಯಾ? ಅಳತೆ ನಿಮ್ಮ ಕೈಯಲ್ಲೇ ಮಾಡಿಸುತ್ತಾರಾ, ಇಲ್ಲ ಪಕ್ಕದಲ್ಲಿ ನಿಲ್ಲಿಸಿ ತೋರಿಸುತ್ತಾರಾ? ಸ್ಟೈಪೆಂಡ್ ಎಷ್ಟು? ಮೂರನೆಯದನ್ನು ಕೇಳೋಕೆ ನಾಚಿಕೆಪಟ್ಟು ನಾನು ವರ್ಷವಿಡೀ ಅಪ್ಪನ ದುಡ್ಡಲ್ಲಿ ಪಿಜಿ ಬಾಡಿಗೆ ಕಟ್ಟಿದೆ.