ರೆಕಾರ್ಡಿಂಗ್ ತುಂಬ ನನ್ನದೇ ‘ಹೌದಾ, ಹೌದಾ’

ಪಿಎಚ್‌ಡಿ ಮುಗಿದ ಮೇಲೆ ನಾನು ಓದಿದ ಇತಿಹಾಸ ವಿಭಾಗಕ್ಕೇ ಮತ್ತೆ ಹೋದೆ. ಕೆಲಸ ಕೇಳಲು ಅಲ್ಲ, ಅಲ್ಲಿ ಹಿಂದೆ ಓದಿದವರ ನೆನಪುಗಳನ್ನು ರೆಕಾರ್ಡ್ ಮಾಡಲು. ಕಪಾಟಿನಲ್ಲಿ ವಾರ್ಷಿಕ ವರದಿಗಳು ಬೇಕಾದಷ್ಟಿದ್ದವು. ಆದರೆ ಯಾವ ಮೇಷ್ಟ್ರು ಬಂದರೆ ಕಾರಿಡಾರ್ ಖಾಲಿಯಾಗುತ್ತಿತ್ತು ಅನ್ನುವುದನ್ನು ವರದಿಯಲ್ಲಿ ಯಾರು ಬರೆಯುತ್ತಾರೆ?

ಹಳೆಯ ವಿದ್ಯಾರ್ಥಿನಿಯೊಬ್ಬರ ಜೊತೆಗಿನ ಮೊದಲ ಸಂದರ್ಶನ ಕೆಟ್ಟುಹೋಯಿತು. ಫ್ಯಾನ್ ಆರಿಸಿದ್ದೆ, ಫೋನ್ ಆಚೆ ಇಟ್ಟಿದ್ದೆ, ದನಿಯನ್ನು ಕುಗ್ಗಿಸದ ವೇವ್ ಫೈಲ್‌ನಲ್ಲೇ ರೆಕಾರ್ಡ್ ಮಾಡಿದ್ದೆ. ಕೆಡಿಸಿದ್ದು ನನ್ನ ಬಾಯಿ. ಆಕೆ ಹಾಸ್ಟೆಲ್ ಬಿಟ್ಟ ದಿನದ ಬಗ್ಗೆ ಹೇಳುತ್ತಾ, ‘ಅವತ್ತು ಅಪ್ಪ...’ ಎಂದು ನಿಲ್ಲಿಸಿದರು. ನಾಲ್ಕು ಸೆಕೆಂಡು. ನನಗೆ ತಡೆಯಲಾಗಲಿಲ್ಲ, ‘ಆಮೇಲೆ ಎಂ.ಎ.ಗೆ ಸೇರಿದಿರಾ?’ ಎಂದುಬಿಟ್ಟೆ. ಅವರು ಎಂ.ಎ. ಬಗ್ಗೆ ಹೇಳಿದರು. ಅಪ್ಪನ ಮಾತು ಮತ್ತೆ ಬರಲೇ ಇಲ್ಲ. ಆಮೇಲಿಂದ ಸುಮ್ನೆ ತಲೆ ಆಡಿಸುವುದನ್ನು ಕಲಿತೆ.

ಒಂದು ಗಂಟೆಯ ಮಾತನ್ನು ಬರಹಕ್ಕೆ ಇಳಿಸಲು ನನಗೆ ಆರು ಗಂಟೆ ಹಿಡಿಯುತ್ತಿತ್ತು. ಬೇಸರದ ಕೆಲಸ, ಸುಳ್ಳು ಯಾಕೆ ಹೇಳಲಿ.

ಜಾಸ್ತಿ ತಲೆ ತಿಂದಿದ್ದು ಇಸವಿಗಳು. ಕರೆಂಟ್ ಹೋಗಿ ಅರ್ಧಕ್ಕೇ ನಿಂತ ನಾಟಕವೊಂದು ನಡೆದದ್ದು ಮುಷ್ಕರದ ವರ್ಷವೇ ಎಂದು ಮೂವರು ಹೇಳಿದರು. ಆಮಂತ್ರಣ ಪತ್ರಿಕೆ ಸಿಕ್ಕಿತು, ನೋಡಿದರೆ ಮುಷ್ಕರಕ್ಕಿಂತ ಎರಡು ವರ್ಷ ಹಿಂದಿನದು! ತಿದ್ದಿಬಿಡೋಣ ಅನ್ನಿಸಿತ್ತು. ಆಗ ನೆನಪಾದವರು, ಹೀಗೆ ಜನರ ನೆನಪುಗಳನ್ನು ಸಂಗ್ರಹಿಸಿದ ಇಟಲಿಯ ವಿದ್ವಾಂಸ ಅಲೆಸ್ಸಾಂಡ್ರೊ ಪೋರ್ಟೆಲ್ಲಿ. ತೆರ್ನಿ ಎಂಬ ಊರಿನ ಉಕ್ಕು ಕಾರ್ಮಿಕ ಲುಯಿಜಿ ತ್ರಾಸ್ತುಲ್ಲಿ ಪೊಲೀಸರ ಕೈಯಲ್ಲಿ ಸತ್ತದ್ದು 1949ರಲ್ಲಿ, ನೇಟೋ ವಿರೋಧಿ ಪ್ರತಿಭಟನೆಯಲ್ಲಿ. ಅಲ್ಲಿನ ಬಹಳ ಜನರ ನೆನಪಿನಲ್ಲಿ ಮಾತ್ರ ಅದು 1953, ಕಾರ್ಖಾನೆ ಸಾವಿರಾರು ಜನರನ್ನು ಕೆಲಸದಿಂದ ತೆಗೆದ ವರ್ಷ. ಆ ತಪ್ಪನ್ನು ಪೋರ್ಟೆಲ್ಲಿ ಕಸ ಎಂದು ಎಸೆಯಲಿಲ್ಲ. ಜನರಿಗೆ ಆ ಸಾವು ಯಾತಕ್ಕೆ ಅಂಟಿಕೊಂಡಿತ್ತು ಅನ್ನುವುದನ್ನು ಅದರಲ್ಲೇ ಓದಿದರು. ನಾನೂ ಮೂವರ ಮಾತನ್ನು ಹಾಗೇ ಬಿಟ್ಟು, ಅಡಿಟಿಪ್ಪಣಿಯಲ್ಲಿ ಆಮಂತ್ರಣದ ತಾರೀಖು ಹಾಕಿದೆ. ಅವರಿಗೆ ಕತ್ತಲಾಗಿದ್ದು ಮುಷ್ಕರದ ವರ್ಷವೇ, ಅಲ್ವಾ?

ಬರಹವನ್ನು ಹೇಳಿದವರಿಗೇ ತೋರಿಸಿ ಸಹಿ ಪಡೆಯುವುದು ನಮ್ಮ ಕೆಲಸದ ಕ್ರಮ. ಒಬ್ಬರು ಓದಿ, ತಮ್ಮ ಸಹಪಾಠಿಯ ಮದುವೆಯ ಪ್ರಸಂಗಕ್ಕೆ ಕೆಂಪು ಗೆರೆ ಎಳೆದರು. ಇಡೀ ಸಂಗ್ರಹದಲ್ಲಿ ನನಗೆ ಅತಿ ಇಷ್ಟವಾಗಿದ್ದೇ ಅದು. ‘ಅವಳು ಓದಿದರೆ?’ ಎಂದರು. ನಾನು ವಾದ ಮಾಡಲಿಲ್ಲ. ಗ್ರಂಥಾಲಯಕ್ಕೆ ಕೊಟ್ಟ ಫೈಲ್‌ನಲ್ಲಿ ಆ ಜಾಗದಲ್ಲಿ ಈಗ ನಲವತ್ತು ಸೆಕೆಂಡು ಏನೂ ಕೇಳಿಸುವುದಿಲ್ಲ.